ಕೊಟ್ಟಿಗೆಯಲ್ಲಿ ಇರುವವರ ಪಟ್ಟಿ

ನನ್ನ ತವರೂರು ಮೋರಖಂಡಿಯ ಆಚೆ, ದೊಡ್ಡ ರಸ್ತೆಯಿಂದ ಒಳಗೆ ಇದೆ. ಅಲ್ಲಿಗೆ ಬಸವಕಲ್ಯಾಣದಿಂದ ದಿನಕ್ಕೆ ಎರಡು ಸಲ ಬಸ್ಸು ಬರುತ್ತದೆ. ಊರ ಬಾಗಿಲಾದ ಅಗಸಿಯ ಮುಂದೆ ನಿಲ್ಲಿಸಿ, ಚಾಲಕ ಎರಡು ಸಲ ಹಾರ್ನ್ ಹೊಡೆದು, ಸ್ವಲ್ಪ ಹೊತ್ತು ಕಾದು, ಹೆಚ್ಚುಕಡಿಮೆ ಖಾಲಿ ಬಸ್ಸನ್ನು ತಿರುಗಿಸಿಕೊಂಡು ಹೋಗುತ್ತಾನೆ. ಹತ್ತುವುದಕ್ಕೆ ಊರಲ್ಲಿ ಜನ ಇದ್ದರಲ್ಲವೆ? ಮುಕ್ಕಾಲು ಪಾಲು ಮನೆಗಳಿಗೆ ಕೀಲಿ ಬಿದ್ದಿದೆ. ಜನ ಊರು ಬಿಟ್ಟು ಓಡಿಹೋಗಿಲ್ಲ. ಮೂರು ಕಿಲೋಮೀಟರ್ ದೂರದಲ್ಲಿ, ತಮ್ಮ ತಮ್ಮ ಹೊಲಗಳಲ್ಲಿ, ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳಿಸದಷ್ಟು ಅಂತರದಲ್ಲಿ ಆರಾಮಾಗಿ ಇದ್ದಾರೆ. ಜನ ಇರುವಲ್ಲಿಗೆ ಬಸ್ಸಿಲ್ಲ, ಬಸ್ಸು ಬರುವಲ್ಲಿ ಜನರಿಲ್ಲ. ಇದನ್ನು ಸರಿಮಾಡುತ್ತೇನೆಂದು ಹೊರಟು ನಾನು ಒಂದು ಬೇಸಿಗೆ ರಜೆಯನ್ನೂ, ಒಂದು ಜೊತೆ ಚಪ್ಪಲಿಯನ್ನೂ, ಇದ್ದಷ್ಟು ತಾಳ್ಮೆಯನ್ನೂ ಕಳೆದುಕೊಂಡೆ.

ಹೊಲಕ್ಕೆ ಹೋಗಿ ಇರೋಣ ಎಂದು ಯಾರೂ ಕುಳಿತು ತೀರ್ಮಾನ ಮಾಡಿದ್ದಲ್ಲ. ಮೊದಲು ಬೋರ್ ಕೊರೆಸಿದರು, ನೀರು ಬಿತ್ತು. ಕರೆಂಟು ಬಂದಾಗ ಮೋಟಾರು ಹಾಕಲು ಒಬ್ಬ ಗಂಡಸು ಅಲ್ಲಿ ಮಲಗಬೇಕಾಯಿತು, ಅವನಿಗೊಂದು ತಗಡಿನ ಪತ್ರಾದ ಶೆಡ್ಡು ಬಂತು. ಶೆಡ್ಡು ಹೇಗೂ ಇದೆಯಲ್ಲ ಎಂದು ಎಮ್ಮೆಗಳನ್ನು ತಂದು ಕಟ್ಟಿದರು. ಎಮ್ಮೆ ಹಿಂಡಲು ಹೆಂಗಸು ಬಂದಳು, ಅವಳ ಹಿಂದೆ ಒಲೆ ಬಂತು, ಒಲೆಯ ಹಿಂದೆ ಮಕ್ಕಳು ಬಂದರು. ಪತ್ರಾ ಹೋಗಿ ಸ್ಲ್ಯಾಬ್ ಬಿತ್ತು, ನೆಲಕ್ಕೆ ಟೈಲ್ಸ್ ಹಾಕಿದರು, ಮೇಲೆ ಡಿಶ್ ಕೂರಿಸಿದರು. ಊರೊಳಗಿನ ಹಳೆಯ ಮನೆಗಳು ಅಣ್ಣತಮ್ಮಂದಿರ ಪಾಲಿನಲ್ಲಿ ಒಂದೊಂದು ಕೋಣೆಯಷ್ಟಾಗಿದ್ದವು, ಕಾಲು ಚಾಚಲೂ ಜಾಗವಿರಲಿಲ್ಲ. ಹೀಗೆ ಒಂದೊಂದೇ ಮನೆ ಹೋಗಿ ಹೋಗಿ, ಒಂದು ದಿನ ನೋಡಿದರೆ ಇಡೀ ಊರು ತೊಗರಿ, ಸೋಯಾ, ಕಬ್ಬಿನ ನಡುವೆ ಚದುರಿಹೋಗಿತ್ತು.

ನನಗೆ ಇದರಿಂದ ಏನೂ ಆಗಬೇಕಾಗಿರಲಿಲ್ಲ. ನಾನು ಹುಡಗಿ ಎಂಬ ಊರಿನ ಶಾಲೆಯಲ್ಲಿ ಮಾಸ್ತರಿಕೆ ಮಾಡುವವಳು. ಹುಮನಾಬಾದಿನಲ್ಲಿ ಗಂಡ, ಅತ್ತೆ, ಇಬ್ಬರು ಮಕ್ಕಳೊಂದಿಗೆ ಬಾಡಿಗೆ ಮನೆಯಲ್ಲಿ ಇರುವವಳು. ಆದರೆ ಹೊಲದಲ್ಲಿ ಇರುವವರ ಪೈಕಿ ನನ್ನ ಅಣ್ಣನೂ ಒಬ್ಬ, ಅವನಿಗೊಬ್ಬ ಮಗಳು. ಆ ವರ್ಷ ಅವಳು ಹತ್ತನೆಯ ತರಗತಿ ಮುಗಿಸಿದ್ದಳು. ಒಳ್ಳೆಯ ಅಂಕ ಬಂದಿತ್ತು. ಅವಳಿಗೆ ಬಸವಕಲ್ಯಾಣದ ಕಾಲೇಜಿಗೆ ಸೇರಿ ವಿಜ್ಞಾನ ಓದಬೇಕು. ಅಣ್ಣ ಆಗುವುದಿಲ್ಲ ಎಂದ. ಸಿಟ್ಟಿನಿಂದ ಅಂದದ್ದಲ್ಲ, ಕೂಗಾಡಲಿಲ್ಲ, ಓದಿ ಏನು ಮಾಡುತ್ತಾಳೆ ಎಂದೂ ಕೇಳಲಿಲ್ಲ. ಮೂರು ಕಿಲೋಮೀಟರ್ ನಡೆದು ಅಗಸಿಗೆ ಹೋಗಿ ಬಸ್ಸು ಹಿಡಿಯಬೇಕು, ಸಂಜೆ ಮತ್ತೆ ಅಷ್ಟೇ ನಡೆಯಬೇಕು, ಮಳೆಗಾಲ ಮುಗಿಯುವ ಹೊತ್ತಿಗೆ ದಾರಿಯ ಎರಡೂ ಕಡೆ ಕಬ್ಬು ತಲೆ ಮುಳುಗುವಷ್ಟು ಬೆಳೆದು ನಿಂತಿರುತ್ತದೆ, ನಡುವೆ ಒಂದು ನರಪಿಳ್ಳೆಯೂ ಸಿಗುವುದಿಲ್ಲ ಎಂದ. ಬಸ್ಸು ಹೊಲದ ದಾರಿಗೆ ಬಂದರೆ ಕಳಿಸುತ್ತೇನೆ, ಇಲ್ಲದಿದ್ದರೆ ಕೇಳಬೇಡಿ ಎಂದ. ಅವನ ಹೆದರಿಕೆಯನ್ನು ನಾನು ತಪ್ಪು ಎನ್ನಲಾರೆ. ಆ ದಾರಿಯಲ್ಲಿ ಹಾಡಹಗಲಲ್ಲೇ ನಾನೂ ಹಿಂದೆ ಹಿಂದೆ ನೋಡುತ್ತ ನಡೆಯುತ್ತೇನೆ.

ಹಾಗಾದರೆ ನನ್ನ ಮನೆಯಲ್ಲಿ ಇರಲಿ, ಹುಮನಾಬಾದಿನಲ್ಲೇ ಕಾಲೇಜಿದೆ ಎಂದೆ. ಅದಕ್ಕೆ ಅಣ್ಣ ಕೊಟ್ಟ ಉತ್ತರ ಕೇಳಿ ನನ್ನ ಮೈ ಉರಿಯಿತು. ನಿನ್ನದು ಬಾಡಿಗೆ ಮನೆ, ಅದು ನಿನ್ನ ಮನೆಯಲ್ಲ, ಅಲ್ಲಿ ನೀನೇ ನಾಲ್ಕು ದಿನ ಇರುವವಳು, ನಮ್ಮ ಹುಡುಗಿಯನ್ನು ಹ್ಯಾಂಗ ಇಡೂದು ಎಂದ. ಆ ನಾಲ್ಕು ದಿನಕ್ಕೆ ಹದಿನೆಂಟು ವರ್ಷ ತುಂಬಿತ್ತು. ಇವನಿಗೆ ಯಾರು ತಿಳಿಹೇಳಬೇಕು ಎಂದು ಅವತ್ತು ಊಟ ಮಾಡದೆ ಎದ್ದು ಬಂದೆ. ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನ ಹಿಂದೆಯೇ ಓಡಿ ಬಂದು ಚೀಲದಲ್ಲಿ ನಾಲ್ಕು ರೊಟ್ಟಿ ತುರುಕಿದಳು.

ಬಸವಕಲ್ಯಾಣದ ಬಸ್ ಡಿಪೋಗೆ ಹೋದೆ. ಅಲ್ಲಿನ ಗುಮಾಸ್ತ ಸಭ್ಯ ಮನುಷ್ಯ, ನನ್ನ ಮಾತನ್ನು ಕೇಳಿದ. ಕಬ್ಬಿನ ಲಾರಿಗಳಿಗಾಗಿ ಎರಡು ವರ್ಷದ ಹಿಂದೆ ಹೊಲದ ದಾರಿಗೆ ಡಾಂಬರು ಬಿದ್ದಿತ್ತು. ಅದು ಊರಿನಿಂದ ಹೊರಟು ಹೊಲಗಳ ನಡುವೆ ಹಾದು ಮತ್ತೆ ದೊಡ್ಡ ರಸ್ತೆಗೇ ಸೇರುತ್ತದೆ. ಬಸ್ಸು ಬಂದ ದಾರಿಯಲ್ಲಿ ತಿರುಗುವ ಬದಲು ಆ ದಾರಿ ಹಿಡಿದರೆ ಸಾಕು ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಅವನು ಒಪ್ಪಿದ. ಆದರೆ ನಮ್ಮ ಕಾಗದದಲ್ಲಿ ಆ ದಾರಿಯ ಮೇಲೆ ಒಂದು ಮನೆಯೂ ಇಲ್ಲ ಎಂದ. ಎಲ್ಲರೂ ಊರಲ್ಲಿದ್ದಾರೆ ಎಂದೇ ಇದೆ. ಹೊಲದ ದಾರಿಯಲ್ಲಿ ಕಡೆಯ ಪಕ್ಷ ಇಪ್ಪತ್ತು ಮನೆಯವರು ತಾವು ಅಲ್ಲೇ ವಾಸ ಇದ್ದೇವೆಂದು ಸಹಿ ಮಾಡಿದ ಪಟ್ಟಿ, ಅದಕ್ಕೆ ಪಂಚಾಯ್ತಿಯ ಮುದ್ರೆ, ಇಷ್ಟು ತನ್ನಿ, ಮುಂದಿನದು ನಾನು ನೋಡಿಕೊಳ್ಳುತ್ತೇನೆ ಎಂದ. ಕಾಲೇಜಿನ ಪ್ರವೇಶಕ್ಕೆ ಇನ್ನೂ ಒಂದು ತಿಂಗಳಿತ್ತು. ನಾನು ನಕ್ಕೇಬಿಟ್ಟೆ. ಆ ದಾರಿಯಲ್ಲಿ ಮೂವತ್ತೊಂದು ಮನೆ ಇವೆ, ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಒಂದು ದಿನದ ಕೆಲಸ ಎಂದುಕೊಂಡೆ.

ಪಂಚಾಯ್ತಿ ಮೆಂಬರನ್ನು ಕಂಡೆ. ನೀವೇ ಬರೆದು ತನ್ನಿ, ನಾನು ಮುದ್ರೆ ಒತ್ತಿಸುತ್ತೇನೆ ಎಂದ. ನೂರು ಹಾಳೆಯ ನೋಟ್‌ಬುಕ್ಕು ತೆಗೆದುಕೊಂಡು, ಗೆರೆ ಹೊಡೆದು, ಮನೆಯ ಯಜಮಾನ, ಜನರ ಸಂಖ್ಯೆ, ಸಹಿ ಎಂದು ಮೂರು ಕಾಲಮು ಮಾಡಿ, ಹುಮನಾಬಾದಿನಿಂದ ಮೊದಲ ಬಸ್ಸಿಗೆ ಬಂದು, ಬೆಳಿಗ್ಗೆ ಎಂಟಕ್ಕೆ ಮೊದಲ ಮನೆಗೆ ಹೋದೆ. ಯಜಮಾನ ಹೊರಗೆ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ. ಒಳಗೆ ಟಿವಿ ಮಾತಾಡುತ್ತಿತ್ತು. ಸೊಸೆ ಬಾಗಿಲಿಗೆ ರಂಗೋಲಿ ಹಾಕಿದ್ದಳು. ವಿಷಯ ಹೇಳಿದೆ, ಬಹಳ ಛಲೋ ಕೆಲಸ ಎಂದು ಹೊಗಳಿದ, ಚಹಾ ತರಿಸಿದ. ಇಲ್ಲಿ ಸಹಿ ಮಾಡು ಎಂದು ಪುಸ್ತಕ ಮುಂದೆ ಇಟ್ಟರೆ ತಲೆ ಅಲ್ಲಾಡಿಸಿದ.

“ಇದು ಮನಿ ಅಲ್ರಿ ಅಕ್ಕೋರ. ಇದು ಕೊಟ್ಟಿಗಿ. ಮನಿ ಊರಾಗ ಅದ.”

ಕೊಟ್ಟಿಗೆಗೆ ಟೈಲ್ಸ್ ಹಾಕಿದ್ದೀಯಲ್ಲ ಎಂದೆ. ಸಗಣಿ ಬಳಿಯುವುದು ತಪ್ಪಲಿ ಎಂದು ಹಾಕಿದ್ದು ಎಂದ. ಕೊಟ್ಟಿಗೆಯಲ್ಲಿ ಫ್ರಿಜ್ ಯಾಕೆ ಎಂದೆ. ಹಾಲು ಕೆಡಬಾರದಲ್ಲ ಎಂದ. ಮೊಮ್ಮಗ ಎಲ್ಲಿ ಹುಟ್ಟಿದ ಎಂದೆ. ಹುಟ್ಟಿದ್ದು ಬಸವಕಲ್ಯಾಣದ ದವಾಖಾನೆಯಲ್ಲಿ ಎಂದ. ತೊಟ್ಟಿಲು ಎಲ್ಲಿ ಕಟ್ಟಿದಿರಿ ಎಂದೆ. ಅದು ಮಾತ್ರ ಇಲ್ಲೇ ಎಂದು ಒಪ್ಪಿ, ಆದರೂ ಇದು ಕೊಟ್ಟಿಗೆಯೇ ಎಂದ. ಇಷ್ಟಕ್ಕೂ ಎಮ್ಮೆಗಳು ಇದ್ದದ್ದು ಹಿಂದಿನ ಬೇರೆ ಶೆಡ್ಡಿನಲ್ಲಿ.

ಎರಡನೆಯ ಮನೆಯಲ್ಲಿ ನಾವು ಇಲ್ಲಿ ಬೆಳೆ ಕಾಯಲು ಬಂದಿದ್ದೇವೆ ಎಂದರು. ಯಾವಾಗ ಬಂದಿರಿ ಎಂದರೆ ಹಿರಿಯ ಮಗಳ ಲಗ್ನದ ಮುಂಚೆ ಎಂದರು. ಆ ಮಗಳ ಮಗ ಈಗ ನನ್ನ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಾನೆ. ಮೂರನೆಯ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ ತಮ್ಮನನ್ನು ತೋರಿಸಿ, ಹೊಲದಲ್ಲಿ ಇರುವವನು ಇವನು, ನಾನು ಊರವನು ಎಂದ. ತಮ್ಮ ಅಣ್ಣನನ್ನು ತೋರಿಸಿ ಅದನ್ನೇ ಹೇಳಿದ. ಇಬ್ಬರೂ ಒಂದೇ ಹಾಸಿಗೆಯ ಮೇಲೆ ಕೂತಿದ್ದರು. ನಾಲ್ಕನೆಯ ಮನೆಯವನು ನಾಯಿ ಕಟ್ಟದೆ ನನ್ನನ್ನು ಬೇಲಿಯ ಹೊರಗೆ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಬಂದು, ಮನೆಗೆ ಬನ್ನಿ ಕೂತು ಮಾತಾಡೋಣ ಎಂದ. ಯಾವ ಮನೆಗೆ ಎಂದರೆ ಊರ ಕಡೆ ಕೈ ತೋರಿಸಿದ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದೆಂದರೆ ಉತ್ತ ಹೊಲ ದಾಟಬೇಕು, ಕಾಲುವೆ ಹಾರಬೇಕು, ತಂತಿ ಬೇಲಿಯಲ್ಲಿ ಸೀರೆ ಹರಿದುಕೊಳ್ಳಬೇಕು. ಇಷ್ಟೆಲ್ಲ ಮಾಡಿ ಹೋದರೆ ಅಲ್ಲಿ ಇರುವವರೇ ತಾವು ಇಲ್ಲ ಎನ್ನುತ್ತಾರೆ.

ಎರಡು ದಿನ ಸುತ್ತಿದೆ. ಅಣ್ಣನದು ಬಿಟ್ಟು ಮೂವತ್ತರಲ್ಲಿ ಐದೇ ಐದು ಸಹಿ ಬಿತ್ತು. ಆ ಐದೂ ಕುಟುಂಬಗಳು ಗಡಿಯಾಚೆಯ ಮಹಾರಾಷ್ಟ್ರದಿಂದ ಬಂದು ಪಾಲಿಗೆ ಹೊಲ ಮಾಡುತ್ತಿದ್ದವರು. ಅವರಿಗೆ ಬೇರೆ ಮನೆ ಇರಲಿಲ್ಲ, ಇದೇ ನಮ್ಮ ಮನೆ ಎಂದು ಹೇಳಲು ಅವರಿಗೆ ತೊಂದರೆಯಾಗಲಿಲ್ಲ. ಹುಟ್ಟಿದ ಮಣ್ಣಿನ ಮೇಲೆ ಕೂತಿದ್ದ ನಮ್ಮ ಜನರಿಗೆ ಮಾತ್ರ ಆ ಒಂದು ಮಾತು ಬಾಯಿಂದ ಹೊರಡಲಿಲ್ಲ.

ಕಾರಣ ನನಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಕಡೆ ಮನೆ ಎಂದರೆ ಗೋಡೆಯಲ್ಲ, ಜಗಲಿ. ಒಳಕೋಣೆಯ ಗೋಡೆಗೆ ಒತ್ತಿ ಕಟ್ಟಿದ ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಮನೆದೇವರು ಕೂರುತ್ತಾರೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಪಾಲಾಗುತ್ತದೆ, ಎಮ್ಮೆ ಪಾಲಾಗುತ್ತದೆ, ಕೊನೆಗೆ ಒಳಕಲ್ಲಿಗೂ ಜಗಳ ಬೀಳುತ್ತದೆ, ಆದರೆ ಜಗಲಿಯನ್ನು ಯಾರೂ ಪಾಲು ಮಾಡುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ, ಎಲ್ಲರದಾಗಿ ಇರುತ್ತದೆ. ಅದನ್ನು ಬೇರೆಡೆ ಕಟ್ಟಬೇಕಾದರೆ ಮೂರು ತಲೆಮಾರಿನ ಭಾಗಸ್ಥರೆಲ್ಲ ಕೂಡಿ ಒಪ್ಪಬೇಕು. ನಮ್ಮ ಭಾಗಸ್ಥರು ಒಂದು ನಾಯಿಗೆ ಹೆಸರಿಡಲೂ ಒಪ್ಪಲಾರರು. ಆದ್ದರಿಂದ ಜಗಲಿ ಊರಲ್ಲಿ, ಜನ ಹೊಲದಲ್ಲಿ. ಜಗಲಿ ಇಲ್ಲದ ಜಾಗವನ್ನು ಮನೆ ಎಂದು ಸಹಿ ಮಾಡಿದರೆ ದೇವರ ಎದುರಿಗೇ ಸುಳ್ಳು ಹೇಳಿದಂತೆ ಅವರಿಗೆ. ಗೊತ್ತಿದ್ದೂ ನನಗೆ ತಲೆ ಚಿಟ್ಟು ಹಿಡಿಯಿತು. ದೇವರಿಗೆ ಕಾಣದೆ ಇರುತ್ತದೆಯೆ ಇವರು ಎಲ್ಲಿ ಮಲಗುತ್ತಾರೆಂದು?

ಮೂರನೆಯ ದಿನ ಸೋಮವಾರ. ಬೇರೆ ದಾರಿ ಕಾಣದೆ, ಊರ ಮನೆಗಳು ಖಾಲಿ ಇವೆ ಎಂದಾದರೂ ಬರೆದುಕೊಂಡು ಹೋಗಿ ಗುಮಾಸ್ತನಿಗೆ ತೋರಿಸೋಣ ಎಂದು ಅಗಸಿಯ ಒಳಗೆ ಹೋದೆ. ಓಣಿಯುದ್ದಕ್ಕೂ ಕೀಲಿಗಳು, ಮಳೆಗೆ ತುಕ್ಕು ಹಿಡಿಯದಿರಲೆಂದು ಒಂದೊಂದಕ್ಕೂ ಪ್ಲಾಸ್ಟಿಕ್ ಚೀಲದ ತುಂಡು ಕಟ್ಟಿದ್ದರು. ಊರಲ್ಲಿ ಉಳಿದಿರುವ ಕೆಲವರಲ್ಲಿ ಹಿಟ್ಟಿನ ಗಿರಣಿಯವನೂ ಒಬ್ಬ, ನನ್ನ ಜೊತೆ ಶಾಲೆಯಲ್ಲಿ ಓದಿದವನು. ಅವನು ಸೊಂಟಕ್ಕೆ ಕೀಲಿಕೈಗಳ ದೊಡ್ಡ ಗೊಂಚಲು ಸಿಕ್ಕಿಸಿಕೊಂಡು, ಕೈಯಲ್ಲಿ ಎಣ್ಣೆಯ ಗಿಂಡಿ ಹಿಡಿದು ಒಂದು ಮನೆಯಿಂದ ಹೊರಬಂದು ಇನ್ನೊಂದು ಮನೆಯ ಕೀಲಿ ತೆಗೆಯುತ್ತಿದ್ದ. ತಲೆಗೆ, ಹುಬ್ಬಿಗೆ, ಕಿವಿಗೆಲ್ಲ ಹಿಟ್ಟು. ಪ್ರತಿ ಸೋಮವಾರ ಗಿರಣಿ ಬಂದ್ ಮಾಡಿ ಎಲ್ಲ ಮನೆಗಳ ಜಗಲಿಗೂ ಅವನೇ ದೀಪ ಹಚ್ಚುತ್ತಾನಂತೆ. ಮೊದಲು ಒಬ್ಬರು ಕೀಲಿಕೈ ಕೊಟ್ಟರು, ಆಮೇಲೆ ಇನ್ನೊಬ್ಬರು, ಹೀಗೆ ಇಡೀ ಓಣಿ ಅವನ ಸೊಂಟಕ್ಕೆ ಬಂದು ಸೇರಿತ್ತು.

ಖಾಲಿ ಮನೆಗಳ ಲೆಕ್ಕ ಕೊಡು ಎಂದು ಕೇಳಿದೆ. ಅವನಿಗೆ ಬೇಜಾರಾಯಿತು.

“ಖಾಲಿ ಎಲ್ಲಿ ಅದಾವ ಅಕ್ಕಾ? ಎಲ್ಲಾ ಮನ್ಯಾಗ ದೀಪ ಹಚ್ಚಾಕತ್ತೇನಲ್ಲ.”

ಒಬ್ಬ ಮನುಷ್ಯ ಸೋಮವಾರಕ್ಕೊಮ್ಮೆ ಎಣ್ಣೆ ಹಾಕಿ ಬಂದರೆ ಒಂದು ಊರು ಜೀವಂತವಾಗಿ ಇದ್ದುಬಿಡುತ್ತದೆ. ಬಸ್ಸಿನವರಿಗೂ ಪಂಚಾಯ್ತಿಯವರಿಗೂ ಅದೇ ಸಾಕು. ಅವನ ಮೇಲೆ ರೇಗಿದೆ. ನಿನ್ನ ದೀಪದಿಂದಲೇ ಒಂದು ಹುಡುಗಿಯ ಓದು ನಿಂತುಹೋಗುತ್ತಿದೆ ಎಂದೂ ಅಂದೆ. ಅವನು ಹಿಟ್ಟಿನ ಕೈಯನ್ನು ಅಂಗಿಗೆ ಒರೆಸಿಕೊಂಡು, ಪಕ್ಕದ ಮನೆಯ ಬಾಗಿಲು ತೆಗೆದು ಒಳಗೆ ಹೋದ. ಅದು ನಮ್ಮ ಮನೆ. ನಾನು ಹುಟ್ಟಿದ ಮನೆ. ಅವನ ಹಿಂದೆ ಒಳಗೆ ಹೋಗಿ ಜಗಲಿಯ ಮುಂದೆ ನಿಂತೆ. ಧೂಳಿನ ಹೊರತು ಅಲ್ಲಿ ಏನೂ ಇರಲಿಲ್ಲ, ಜಗಲಿಯೊಂದೇ ಸ್ವಚ್ಛವಾಗಿತ್ತು. ಅವನಿಗೆ ಹಾಗೆ ಅನ್ನಬಾರದಿತ್ತು ಎನಿಸಿತು. ಆದರೆ ಕ್ಷಮೆ ಕೇಳುವಷ್ಟು ಸಮಾಧಾನ ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ.

ಅಲ್ಲಿಂದ ನೇರ ಅಣ್ಣನ ಹೊಲಕ್ಕೆ ನಡೆದೆ. ಬಿಸಿಲು ನೆತ್ತಿಯ ಮೇಲಿತ್ತು, ಚಪ್ಪಲಿಯ ಉಂಗುಷ್ಟ ಅರ್ಧ ದಾರಿಯಲ್ಲಿ ಕಿತ್ತಿತು. ಅವನ ಮನೆಯನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೆ, ಅವನಾದರೂ ಇಲ್ಲವೆನ್ನಲಾರ ಎಂಬ ಧೈರ್ಯ ಇತ್ತು. ಮಗಳಿಗಾಗಿಯೇ ಅಲ್ಲವೆ ಇದೆಲ್ಲ? ಅಣ್ಣ ಬೇವಿನ ಗಿಡದ ಕೆಳಗೆ ಹಗ್ಗ ಹೊಸೆಯುತ್ತಿದ್ದ. ವೈನಿ ನೀರು ಕೊಟ್ಟಳು. ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು. ಪುಸ್ತಕ ತೆಗೆದು ಸಹಿ ಹಾಕು ಎಂದೆ. ಅವನು ಪುಸ್ತಕ ನೋಡಿದ, ಹಗ್ಗ ನೋಡಿದ.

“ಇದಕ್ಕ ಮನಿ ಅಂತ ಹ್ಯಾಂಗ ಬರೀಲಿ ತಂಗಿ? ಜಗಲಿ ಊರಾಗ ಅದ.”

ನನಗೆ ಎಲ್ಲಿತ್ತೋ ಆ ಸಿಟ್ಟು. ಮೂರು ದಿನದ್ದೂ ಒಟ್ಟಿಗೆ ಬಂತು. ನೀನು ಮನುಷ್ಯನಾ, ಎಮ್ಮೆಯಾ, ಕೊಟ್ಟಿಗೆಯಲ್ಲಿ ಹದಿನಾಲ್ಕು ವರ್ಷದಿಂದ ಕಟ್ಟಿಹಾಕಿಕೊಂಡು ಇದ್ದೀಯಲ್ಲ ಎಂದೆ. ಮಗಳು ಮಾತು ಕಲಿತದ್ದು ಎಲ್ಲಿ, ಅವ್ವ ಕಣ್ಣು ಮುಚ್ಚಿದ್ದು ಎಲ್ಲಿ, ಎಲ್ಲ ಇಲ್ಲೇ ಅಲ್ಲವೆ ಎಂದೆ. ಬಸ್ಸು ಬಂದರೆ ಕಳಿಸುತ್ತೇನೆ ಎಂದು ಬಾಯಲ್ಲಿ ಹೇಳುತ್ತೀಯ, ಬಸ್ಸು ತರಲು ಹೋದರೆ ನಾನು ಇಲ್ಲಿ ಇಲ್ಲವೇ ಇಲ್ಲ ಎನ್ನುತ್ತೀಯ, ಇದು ಯಾವ ಸೀಮೆಯ ನ್ಯಾಯ ಎಂದೆ. ನಿಮ್ಮಂಥವರಿಂದಲೇ ಈ ಸೀಮೆಯಲ್ಲಿ ಯಾರು ಎಲ್ಲಿದ್ದಾರೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಮನುಷ್ಯ ಎಲ್ಲಿ ಇರುತ್ತಾನೋ ಅದೇ ಅವನ ಮನೆ, ಇಷ್ಟು ತಿಳಿಯಲು ಮಾಸ್ತರಿಕೆ ಮಾಡಬೇಕಾಗಿಲ್ಲ ಎಂದೆ. ಅಣ್ಣ ಹಗ್ಗ ಹೊಸೆಯುತ್ತಲೇ ಇದ್ದ. ವೈನಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಆಗ ಹುಡುಗಿ ಮೆಲ್ಲಗೆ ಕೇಳಿದಳು. ಕುಹಕವಿರಲಿಲ್ಲ ಅದರಲ್ಲಿ, ಅವಳು ಅಂಥವಳಲ್ಲ.

“ಅತ್ತಿ, ನಿಮ್ಮ ಮನಿ ಎಲ್ಲಿ?”

“ಬೇಮಳಖೇಡ,” ಎಂದೆ.

ಯೋಚನೆಯೇ ಮಾಡದೆ ಎಂದೆ. ಬೇಮಳಖೇಡ ನನ್ನ ಗಂಡನ ಊರು. ಮತ ಹಾಕಲು ಹೋಗುವುದು ಅಲ್ಲಿಗೆ, ರೇಷನ್ ಕಾರ್ಡು ಇರುವುದು ಅಲ್ಲಿ, ಜಗಲಿ ಇರುವುದೂ ಅಲ್ಲಿ. ಹುಮನಾಬಾದಿನ ಮನೆಯಲ್ಲಿ ದೇವರ ಒಂದು ಫೋಟೋ ಫ್ರಿಜ್ಜಿನ ಮೇಲೆ ಇದೆ. ಅಲ್ಲಿ ಯಾರಾದರೂ ಬಾಗಿಲು ತಟ್ಟಿ ಕೇಳಿದಾಗ ನಾವು ಇಲ್ಲಿಯವರಲ್ಲ ಎಂದು ನನ್ನ ಅತ್ತೆ ಒಳಗಿನಿಂದಲೇ ಕೂಗಿ ಹೇಳುತ್ತಾರೆ, ಹದಿನೆಂಟು ವರ್ಷಗಳಲ್ಲಿ ಒಂದು ಸಲವೂ ನಾನು ಅದನ್ನು ತಿದ್ದಿಲ್ಲ. ಅಣ್ಣ ತಲೆ ಎತ್ತಲಿಲ್ಲ, ಅವನ ಭುಜ ಮಾತ್ರ ಅಲುಗಿತು. ನಗುತ್ತಿದ್ದ. ಅವನಿಗೆ ನಗುವ ಹಕ್ಕು ಇತ್ತು, ಅದೇ ನನಗೆ ತಡೆಯಲಾಗಲಿಲ್ಲ.

ಹುಡುಗಿ ನಗಲಿಲ್ಲ. ಇವತ್ತು ಮುಂಜಾನೆ ರೊಟ್ಟಿ ಎಲ್ಲಿ ಬಡಿದಿರಿ ಎಂದು ಕೇಳಿದಳು. ಹುಮನಾಬಾದಿನಲ್ಲಿ ಎಂದೆ. ಎಷ್ಟು ಎಂದಳು. ಹನ್ನೆರಡು, ಬುತ್ತಿಗೆ ಸೇರಿ ಎಂದೆ. ನಿನ್ನೆ ಎಂದಳು. ನಿನ್ನೆಯೂ ಅಷ್ಟೇ, ದಿನಾ ಅಷ್ಟೇ ಎಂದು ಸಿಡುಕಿದೆ. ಅವಳು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು. ನಾನು ಗೆರೆ ಹೊಡೆದ ಹಾಳೆಗಳನ್ನು ನೋಡಿ, ಒಂದು ಹೊಸ ಹಾಳೆ ತಿರುವಿ, ಇದನ್ನು ನನಗೆ ಕೊಡಿ ಅತ್ತಿ ಎಂದಳು. ತಗೊಂಡು ಸಾಯಿ ಎನ್ನುವ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ಅಣ್ಣ ಪಕ್ಕದ ಹೊಲದವರಿಂದ ಕೇಳಿ ತಂದ ಮೋಟಾರ್ ಸೈಕಲ್ಲಿನ ಹಿಂದೆ ಕೂತು ದೊಡ್ಡ ರಸ್ತೆಗೆ ಬಂದೆ.

ಬಸ್ಸು ಬಂತೋ ಇಲ್ಲವೋ ಎಂದು ಕಾಯಿಸುವುದು ನನಗೆ ಇಷ್ಟವಿಲ್ಲ, ಈಗಲೇ ಹೇಳಿಬಿಡುತ್ತೇನೆ. ಬಂತು. ದಿನಾ ಹೊತ್ತಿಗೆ ಸರಿಯಾಗಿ ಬರುತ್ತದೆ ಎನ್ನಲಾರೆ, ಮಳೆ ಜೋರಾದ ದಿನ ಬರುವುದೇ ಇಲ್ಲ, ಆದರೆ ಹೊಲದ ದಾರಿಯಲ್ಲೇ ತಿರುಗಿಕೊಂಡು ಹೋಗುತ್ತದೆ. ಅದನ್ನು ತಂದದ್ದು ನನ್ನ ಪಟ್ಟಿಯಲ್ಲ, ಆ ಹುಡುಗಿಯ ಪಟ್ಟಿ. ಅವಳು ಪ್ರತಿ ಮನೆಗೂ ಹೋಗಿದ್ದಳು, ಬೆಳಗಿನ ಹೊತ್ತು, ಗಂಡಸರು ಹೊಲಕ್ಕೆ ಇಳಿದ ಮೇಲೆ. ಮನೆ ಎಂಬ ಶಬ್ದವನ್ನೇ ಎತ್ತಲಿಲ್ಲ. ಒಲೆಯ ಮುಂದೆ ಕೂತ ಹೆಂಗಸರನ್ನು, ದಿನಾ ಎಷ್ಟು ರೊಟ್ಟಿ ಬಡೀತೀರಿ, ಯಾರ ಯಾರಿಗೆ ಎಂದು ಕೇಳಿದಳು, ಅಷ್ಟೇ. ಅದರಲ್ಲಿ ಸುಳ್ಳು ಹೇಳಲು ಏನಿದೆ? ಒಬ್ಬಳು ಹದಿನೆಂಟು ಎಂದಳು, ಒಬ್ಬಳು ಕೂಲಿಯವರು ಬಂದ ದಿನ ನಲವತ್ತು ಎಂದು ನಿಟ್ಟುಸಿರು ಬಿಟ್ಟಳು, ಇನ್ನೊಬ್ಬಳು ಮಾವನಿಗೆ ಹಲ್ಲಿಲ್ಲ, ಅವರಿಗೆ ಅನ್ನ ಬೇರೆ ಎಂದೂ ಬರೆಸಿದಳು. ಮೂವತ್ತು ಒಲೆಗಳು, ಒಂದೊಂದರ ಮುಂದೆ ರೊಟ್ಟಿಯ ಲೆಕ್ಕ, ಅದರ ಮುಂದೆ ಬಡಿದವಳ ಸಹಿ ಇಲ್ಲವೆ ಹೆಬ್ಬೆಟ್ಟು. ಕೆಲವು ಹೆಬ್ಬೆಟ್ಟುಗಳಲ್ಲಿ ಮಸಿಯ ಜೊತೆ ಜೋಳದ ಹಿಟ್ಟೂ ಇತ್ತು. ದಿನಾ ರೊಟ್ಟಿ ಬೇಯುವಲ್ಲಿ ಜನ ಇದ್ದೇ ಇರುತ್ತಾರಲ್ಲ ಎಂದು ಮೆಂಬರ ಅದಕ್ಕೆ ಮುದ್ರೆ ಒತ್ತಿಸಿದ, ಗುಮಾಸ್ತನೂ ಒಪ್ಪಿಕೊಂಡ.

ಎರಡು ದಿನ ನಾನು ಗಂಡಸರ ಬೆನ್ನು ಹತ್ತಿ ಮನೆ ಯಾವುದು ಎಂದು ಕೇಳಿದೆ. ದಿನಾ ಎರಡು ಹೊತ್ತು ಒಲೆಯ ಮುಂದೆ ಕೂರುವವಳು ನಾನೂ ಹೌದು, ಆದರೂ ಒಬ್ಬ ಹೆಂಗಸನ್ನೂ ಏನೂ ಕೇಳಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಶ್ನೆಪತ್ರಿಕೆ ತಯಾರಿಸಿದ್ದು ದಂಡ ಎನಿಸಿತು.

ನಾನು ಆ ಪಟ್ಟಿಯನ್ನು ಮೊದಲು ನೋಡಿದ್ದು ಮುಂದಿನ ಭಾನುವಾರ ಬೆಳಿಗ್ಗೆ. ಅಷ್ಟರಲ್ಲಿ ಹುಡುಗಿ ಮೂವತ್ತನ್ನು ಮುಗಿಸಿದ್ದಳು, ಇಪ್ಪತ್ತು ಯಾವಾಗಲೋ ದಾಟಿತ್ತು. ಮೂವತ್ತೊಂದನೆಯ ಸಾಲು ಖಾಲಿ ಇತ್ತು. ಅದು ಅವರದೇ ಒಲೆ. ವೈನಿ ಸಹಿ ಮಾಡಲು ಸಿದ್ಧಳಿದ್ದಳು, ಹುಡುಗಿಯೇ ಬೇಡ, ಇದಕ್ಕೆ ಅಪ್ಪನೇ ಸಹಿ ಮಾಡಲಿ ಎಂದು ತಡೆದಿದ್ದಳಂತೆ. ಯಾಕೆಂದರೆ ಬಸ್ಸು ಬರುತ್ತದೆ ಎಂಬ ಸುದ್ದಿ ಹಬ್ಬಿದ ದಿನದಿಂದ ಅಣ್ಣನ ಮಾತು ಜಾರತೊಡಗಿತ್ತು. ಬಸ್ಸು ಬಂದರೂ ಎಷ್ಟು ದಿನ ಓಡುತ್ತದೋ ಎಂದಿದ್ದ. ಅವಳು ಹೋದರೆ ಬೆಳಿಗ್ಗೆ ಎಮ್ಮೆ ಯಾರು ಹಿಂಡುತ್ತಾರೆ, ಇವಳೊಬ್ಬಳಿಗೆ ಎಷ್ಟು ಕೆಲಸ ಎಂದು ವೈನಿಯ ಮೇಲೆ ಇಲ್ಲದ ಕನಿಕರ ತೋರಿಸಿದ್ದ. ಕಬ್ಬಿನ ಹೆದರಿಕೆ ಹೋದ ಮೇಲೆ ಒಳಗಿದ್ದ ಇನ್ನೊಂದು ಹೆದರಿಕೆ ಹೊರಬಿದ್ದಿತ್ತು. ಸುತ್ತ ಅರ್ಧ ಮೈಲಿ ಮನುಷ್ಯರಿಲ್ಲದ ಆ ಜಾಗದಲ್ಲಿ ಹಗಲೆಲ್ಲ ಅವನಿಗೆ ಕೇಳಿಸುವ ಮಾತು ಅವಳದೊಂದೇ. ಅದನ್ನು ಅವನು ಹೇಳಲಿಲ್ಲ, ಹೇಳುವವನೂ ಅಲ್ಲ. ನನಗೆ ಕಂಡಿತು. ಕಂಡರೂ ನನಗೆ ಅವನ ಮೇಲೆ ಸಿಟ್ಟೇ ಇತ್ತು.

ಅಣ್ಣ ಒಲೆಯ ಎದುರು ಊಟಕ್ಕೆ ಕೂತಿದ್ದ. ವೈನಿ ಬಡಿಯುತ್ತಿದ್ದಳು, ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಹುಡುಗಿ ಪುಸ್ತಕ ಹಿಡಿದು ಅವನ ಮುಂದೆ ಕೂತಳು.

“ಅಪ್ಪಾ, ಈ ಒಲಿ ಮ್ಯಾಲ ದಿನಾ ಎಷ್ಟು ರೊಟ್ಟಿ?”

ನಿನಗೆ ಗೊತ್ತಿಲ್ಲವಾ, ಅರ್ಧ ನೀನೇ ಬಡಿಯುತ್ತೀಯಲ್ಲ ಎಂದ. ನೀವು ಹೇಳಿರಿ, ಬರೆಯಬೇಕು ಎಂದಳು. ಅವನು ವೈನಿಯ ಕಡೆ ನೋಡಿದ, ವೈನಿ ಹಿಟ್ಟಿನಿಂದ ಕಣ್ಣೆತ್ತಲಿಲ್ಲ. ನನ್ನ ಕಡೆ ನೋಡಿದ. ನಾನು ಬಾಯಿ ತೆರೆದರೆ ಕೆಲಸ ಕೆಡುತ್ತದೆ ಎಂದು ತಿಳಿದು, ಜೀವಮಾನದಲ್ಲಿ ಮೊದಲ ಸಲ ಸುಮ್ಮನೆ ಕೂತೆ. ಅವನು ಬೆರಳು ಮಡಚಿ ತನಗೆ ಇಷ್ಟು, ಹೆಂಡತಿಗೆ ಇಷ್ಟು, ಮಗಳಿಗೆ ಇಷ್ಟು, ನಾಯಿಗೆ ಒಂದು ಎಂದು ಎಣಿಸಿ ಹದಿನಾಲ್ಕು ಎಂದ. ಅವಳು ಬರೆದಳು. ಸಹಿಗೆ ಪುಸ್ತಕ ಅವನ ಮುಂದೆ ಇಟ್ಟಳು. ಅವನು ಎಡಗೈಯಲ್ಲಿ ಅದನ್ನು ಹತ್ತಿರ ಎಳೆದುಕೊಂಡು, ಮೇಲಿನಿಂದ ಕೆಳಗಿನವರೆಗೆ ಮೂವತ್ತೂ ಸಾಲುಗಳನ್ನು ಓದಿದ. ಓದುವಷ್ಟು ಹೊತ್ತೂ ತಟ್ಟೆಯಲ್ಲಿದ್ದ ರೊಟ್ಟಿ ಮುರಿಯಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಒಂದು ಕಡೆ ಸೀದುಹೋಯಿತು, ವೈನಿ ಅದನ್ನೂ ತಿರುವಲಿಲ್ಲ.

“ಹದಿನಾಲ್ಕು ತಪ್ಪಾತು,” ಎಂದ. “ಕಾಲೇಜಿಗಿ ಬುತ್ತಿ ಕಟ್ಟಬೇಕಲ್ಲ. ಇನ್ನೆರಡು ಕೂಡಿಸಿ ಬರಿ.”

ಹುಡುಗಿ ಹದಿನಾಲ್ಕನ್ನು ಹೊಡೆದು ಹದಿನಾರು ಎಂದು ಬರೆದಳು. ಅಣ್ಣ ಅದರ ಮುಂದೆ ಸಹಿ ಹಾಕಿ, ಹಿಟ್ಟು ಸಾಲುವುದೇ ಎಂದು ವೈನಿಯನ್ನು ಕೇಳಿದ. ವೈನಿ ಎದ್ದು ಡಬ್ಬಿಯ ಮುಚ್ಚಳ ತೆಗೆದಳು.